ಹೊಸ ಫೋನೋ, ಹಳೆಯದರ ದುರಸ್ತಿಯೋ?

ಸಂಪತ್ತು ಮನುಷ್ಯನ ಸ್ವಂತದ್ದಲ್ಲ, ಅಲ್ಲಾಹನು ಅವನ ಕೈಗೆ ಒಪ್ಪಿಸಿರುವ ಅಮಾನತ್ತು ಎಂಬುದು ಇಸ್ಲಾಮಿನ ಮೂಲಭೂತ ಬೋಧನೆಗಳಲ್ಲೊಂದು. ಪವಿತ್ರ ಕುರ್‌ಆನಿನ ಅಲ್ ಹದೀದ್ ಅಧ್ಯಾಯವು (57:7) ಮನುಷ್ಯನನ್ನು ಸಂಪತ್ತಿನ ಒಡೆಯನೆಂದಲ್ಲ, ಅದಕ್ಕೆ ನೇಮಿಸಲ್ಪಟ್ಟ ಪ್ರತಿನಿಧಿಯೆಂದು ಪರಿಚಯಿಸುತ್ತದೆ. ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ವೆಚ್ಚ ಮಾಡಿದೆ ಎಂಬ ಎರಡು ಪ್ರಶ್ನೆಗಳಿಗೆ ವಿಚಾರಣೆಯ ದಿನ ಪ್ರತಿಯೊಬ್ಬನೂ ಉತ್ತರಿಸಬೇಕಾಗುವುದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ತಿರ್ಮಿದಿ ವರದಿ ಮಾಡಿದ್ದಾರೆ. ಈ ಪ್ರಶ್ನೆ ಮನೆ, ಜಮೀನುಗಳಿಗೆ ಮಾತ್ರ ಸೀಮಿತವಲ್ಲ. ನಮ್ಮ ಅಂಗೈಯಲ್ಲಿರುವ ಮೊಬೈಲ್ ಫೋನಿಗೂ ಅದು ಅನ್ವಯಿಸುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಒಂದು ಕಡೆ ದೀಪಗಳಿಂದ ಝಗಮಗಿಸುವ ಹೊಸ ಫೋನುಗಳ ಅಂಗಡಿ. ಇನ್ನೊಂದು ಕಡೆ ಚಿಕ್ಕ ಮೇಜಿನ ಮುಂದೆ ತಲೆತಗ್ಗಿಸಿ ಕುಳಿತು ಹಳೆಯ ಫೋನು ಬಿಚ್ಚಿ ದುರಸ್ತಿ ಮಾಡುವ ಯುವಕ. ಇವೆರಡರ ನಡುವೆ ನಿಂತ ಸತ್ಯವಿಶ್ವಾಸಿ ಯಾವ ಕಡೆ ಹೆಜ್ಜೆ ಹಾಕಬೇಕು? ಇದರಲ್ಲಿ ಧರ್ಮದ ಮಾತೇನಿದೆ ಎಂದು ಕೆಲವರು ಕೇಳಬಹುದು. ಆದರೆ ಅಂಗಸ್ನಾನದ ನೀರಿನಲ್ಲೂ ಮಿತಿಯನ್ನು ಕಲಿಸಿದ ಧರ್ಮವು ಹತ್ತಾರು ಸಾವಿರ ರೂಪಾಯಿಗಳ ವೆಚ್ಚದ ಬಗ್ಗೆ ಮೌನವಾಗಿರಲು ಸಾಧ್ಯವೇ?

ಮಳವಳ್ಳಿಯ ಆಟೋ ಚಾಲಕನೊಬ್ಬನ ಮನೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಿ. ಅವನದು ನಾಲ್ಕು ವರ್ಷದ ಹಿಂದಿನ ಫೋನು. ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತದೆ. ಒಂದು ಚಿತ್ರ ತೆರೆಯಲೂ ತಡ. ಹಳ್ಳಿಯ ಕಡೆ ಬಾಡಿಗೆಗೆ ಹೋದರೆ ಸಿಗ್ನಲ್ ಸಿಗದು. “ಅಬ್ಬಾ, ಇದನ್ನು ಇನ್ನೆಷ್ಟು ದಿನ ಎಳೆಯುತ್ತೀರಿ? ಹೊಸದು ತಗೊಳ್ಳಿ, ತಿಂಗಳು ತಿಂಗಳು ಕಂತು ಕಟ್ಟಿದರಾಯಿತು” ಎನ್ನುತ್ತಾನೆ ಮಗ. ತಂದೆಗೂ ಅದು ಸರಿಯೆನಿಸುತ್ತದೆ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಫೋನಿಗೆ ಇರುವುದು ಒಂದು ರೋಗವಲ್ಲ, ಮೂರು. ಮೂರಕ್ಕೂ ಮದ್ದು ಬೇರೆ ಬೇರೆ.

ಚಾರ್ಜ್ ನಿಲ್ಲದಿರುವುದು ಬ್ಯಾಟರಿಯ ಮುಪ್ಪು. ಅನೇಕ ತಯಾರಕರ ಲೆಕ್ಕದಂತೆ ಸುಮಾರು 500 ಬಾರಿ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಬ್ಯಾಟರಿಯ ಸಾಮರ್ಥ್ಯ ಮೊದಲಿನ ಶೇ. 80ರ ಸಮೀಪಕ್ಕೆ ಇಳಿಯುತ್ತದೆ. ಬಿಸಿಲಿನಲ್ಲಿ ಇಟ್ಟರೆ ಇನ್ನೂ ಬೇಗ. ಬ್ಯಾಟರಿಯನ್ನಷ್ಟೇ ಬದಲಿಸಿದರೆ ಸಾಕು. ನಿಧಾನವಾಗುವುದಕ್ಕೂ ಕೆಲವೊಮ್ಮೆ ಅದೇ ಕಾರಣ. ಹಳೆಯ ಬ್ಯಾಟರಿಯಿರುವ ಐಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದೇನೆಂದು ಆಪಲ್ ಕಂಪೆನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಜನರ ಆಕ್ರೋಶ ಎದ್ದ ಮೇಲೆ ಬ್ಯಾಟರಿ ಬದಲಿಸುವ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಹೊಸ ಬ್ಯಾಟರಿ ಹಾಕಿಸಿದವರ ಹಳೆಯ ಫೋನುಗಳಿಗೆ ವೇಗ ಮರಳಿತು. ಅದುವರೆಗೆ ಫೋನೇ ಮುಗಿದಿದೆಯೆಂದು ಭಾವಿಸಿ ಹೊಸದನ್ನು ಕೊಂಡವರು ಎಷ್ಟೋ! ಇನ್ನು ನಿಧಾನಕ್ಕೆ ಮತ್ತೊಂದು ಸಾಮಾನ್ಯ ಕಾರಣವೆಂದರೆ ಜಾಗವೆಲ್ಲ ತುಂಬಿರುವುದು. ಯಾರ್ಯಾರೋ ಕಳುಹಿಸಿದ ವಿಡಿಯೋಗಳನ್ನು ಅಳಿಸಿ ಹಾಕಲು ಒಂದು ರೂಪಾಯಿಯೂ ಬೇಕಿಲ್ಲ.

ಸಿಗ್ನಲ್ ಸಿಗದಿರುವುದು ಬಹುಮಟ್ಟಿಗೆ ಫೋನಿನ ದೋಷವಲ್ಲ, ಟವರಿನ ಪ್ರಶ್ನೆ. ಅದಕ್ಕೆ ಫೋನಲ್ಲ, ಕಂಪೆನಿಯನ್ನು ಬದಲಿಸಬೇಕು. ನಂಬರನ್ನು ಉಳಿಸಿಕೊಂಡೇ ಕಂಪೆನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಈಗಿನ ಕಂಪೆನಿಯಲ್ಲಿ 90 ದಿನ ಕಳೆದವರು 1900ಕ್ಕೆ ಪೋರ್ಟ್ ಸಂದೇಶ ಕಳುಹಿಸಿ ಕೋಡ್ ಪಡೆಯಬಹುದು. 2024ರ ಜುಲೈಯಲ್ಲಿ ಖಾಸಗಿ ಕಂಪೆನಿಗಳು ದರ ಏರಿಸಿದ್ದವು. 2025ರ ಸೆಪ್ಟೆಂಬರಿನಲ್ಲಿ ಬಿಎಸ್‌ಎನ್‌ಎಲ್‌ನ 4ಜಿ ಸೇವೆ ಅಧಿಕೃತವಾಗಿ ಉದ್ಘಾಟನೆಯಾಯಿತು. ಆದರೆ ಅಗ್ಗವೆಂಬ ಒಂದೇ ಕಾರಣಕ್ಕೆ ಬದಲಿಸಬೇಡಿ. ನಿಮ್ಮ ದುಡಿಮೆಯ ಹಾದಿಯಲ್ಲಿ ಯಾವುದು ಸಿಗುತ್ತದೆಂದು ಅಲ್ಲಿಯ ನಿವಾಸಿಗಳನ್ನೇ ಕೇಳಿರಿ. ರೋಗ ತಿಳಿಯದೆ ಮದ್ದು ಕೊಂಡರೆ, ಟವರಿಲ್ಲದ ಹಳ್ಳಿಯಲ್ಲಿ ಹೊಸ ಫೋನೂ ಮೂಕವಾಗಿಯೇ ಇರುವುದು.

ಹಾಗಾದರೆ ಹೊಸದನ್ನು ಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ಅಲ್ಲಾಹನು ಅನುಗ್ರಹಿಸಿದವನಲ್ಲಿ ಆ ಅನುಗ್ರಹದ ಕುರುಹು ಕಾಣಬೇಕೆಂದು ಪ್ರವಾದಿವರ್ಯರು(ಸ) ಕಳಪೆ ಬಟ್ಟೆ ತೊಟ್ಟು ಬಂದ ಅನುಕೂಲಸ್ಥನೊಬ್ಬನಿಗೆ ತಿಳಿಸಿದ್ದರು. ಫೋನಿಗೆ ಸುರಕ್ಷತೆಯ ಅಪ್‌ಡೇಟ್ ಬರುವುದು ನಿಂತು ಬಹುಕಾಲವಾಗಿದ್ದರೆ ಬ್ಯಾಂಕಿನ ವ್ಯವಹಾರಕ್ಕೆ ಅದು ಅಪಾಯಕಾರಿ. ದುಡಿಮೆಗೋ ಮಕ್ಕಳ ಓದಿಗೋ ಅದು ನಿಜವಾಗಿ ಸಾಲದಿದ್ದರೆ ಕೊಳ್ಳುವುದು ಅಗತ್ಯವೇ ಸರಿ. ದುಂದುಗಾರಿಕೆ ಮತ್ತು ಜಿಪುಣತನ ಇವೆರಡರ ನಡುವಿನ ಮಧ್ಯಮ ಮಾರ್ಗವೇ ಕರುಣಾಮಯನ ದಾಸರ ಲಕ್ಷಣವೆಂದು ಅಲ್ ಫುರ್ಕಾನ್ ಅಧ್ಯಾಯ (25:67) ಕಲಿಸುತ್ತದೆ.

ಪ್ರಶ್ನೆ ಹಳತು ಹೊಸತುಗಳದ್ದಲ್ಲ. ಈ ನಿರ್ಧಾರವನ್ನು ನಮ್ಮೊಳಗೆ ತೆಗೆದುಕೊಳ್ಳುತ್ತಿರುವವರು ಯಾರು ಎಂಬುದೇ ಪ್ರಶ್ನೆ. ಅಗತ್ಯವೋ, ನೆರೆಯವನ ಕೈಯಲ್ಲಿರುವ ಫೋನೋ? ಹೆಚ್ಚಳಕ್ಕಾಗಿ ಪೈಪೋಟಿ ನಡೆಸುತ್ತಾ ಗೋರಿ ಸೇರುವವರೆಗೂ ಮೈಮರೆಯುವ ಮನುಷ್ಯನ ಚಿತ್ರವನ್ನು ಅತ್ತಕಾಸುರ್ ಅಧ್ಯಾಯವು ಕೊಡುತ್ತದೆ. ಅಗತ್ಯಕ್ಕೆ ಒಂದು ಮಿತಿಯಿದೆ, ಅದು ಪೂರೈಸಿದರೆ ಮನಸ್ಸು ಶಾಂತವಾಗುತ್ತದೆ. ಪೈಪೋಟಿಗೆ ಮಿತಿಯಿಲ್ಲ, ಮುಂದಿನ ವರ್ಷ ಇನ್ನೊಂದು ಮಾದರಿ ಬಂದೇ ಬರುವುದು.

ಇನ್ನು ಹಣದ ಮಾತು. ಮಗ ಹೇಳಿದ ಕಂತಿನ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಗದು ಬೆಲೆಗಿಂತ ಹೆಚ್ಚಿನ, ಆದರೆ ಮೊದಲೇ ಖಚಿತಪಡಿಸಿದ ಬೆಲೆಗೆ ವ್ಯಾಪಾರಿಯೇ ಕಂತಿನಲ್ಲಿ ಮಾರುವುದನ್ನು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1990ರಲ್ಲಿ ಜಿದ್ದಾದಲ್ಲಿ ಸೇರಿದಾಗ ಅನುಮತಿಸಿತು. ಕಂತು ತಡವಾದುದಕ್ಕೆ ಹೆಚ್ಚುವರಿ ಹಣ ವಸೂಲಿ ಮಾಡುವುದನ್ನು ಮಾತ್ರ ನಿಷಿದ್ಧವೆಂದಿತು. ಆದರೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇ ಬೇರೆ. ವ್ಯಾಪಾರಿಗೆ ಹಣ ಕೊಡುವುದು ಬ್ಯಾಂಕ್ ಅಥವಾ ಫೈನಾನ್ಸ್ ಕಂಪೆನಿ, ನೀವು ಸಾಲಗಾರರಾಗುವುದು ಅದಕ್ಕೆ. ‘ಬಡ್ಡಿಯಿಲ್ಲ’ ಎಂಬ ಫಲಕ ಕಂಡು ಮೋಸ ಹೋಗಬೇಡಿ. ಶೂನ್ಯ ಬಡ್ಡಿಯ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ರೂಪದಲ್ಲಿ ಮರೆಮಾಚಲಾಗುತ್ತಿದೆಯೆಂದು 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಸೂಚನೆ ಹೊರಡಿಸಿತ್ತು. ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಿರಿ, ತಿಳಿಯದಿದ್ದರೆ ತಿಳಿದ ವಿದ್ವಾಂಸರನ್ನು ಕೇಳಿರಿ. ಸಣ್ಣ ಸಾಲಗಳ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಎಂಬುದನ್ನು ಮರೆಯದಿರಿ. ಅಗತ್ಯವಿಲ್ಲದ ವಸ್ತುವಿಗಾಗಿ ಮನೆಯ ನೆಮ್ಮದಿಯನ್ನು ಒತ್ತೆಯಿಡುವುದು ಬುದ್ಧಿವಂತಿಕೆಯೇ?

ಮನೆಯೊಳಗಿನ ನ್ಯಾಯವನ್ನೂ ಇಲ್ಲಿ ನೆನೆಯಬೇಕು. ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಉಡುಗೊರೆ ಕೊಟ್ಟ ತಂದೆಯ ಕೊಡುಗೆಗೆ ಸಾಕ್ಷಿಯಾಗಲು ಪ್ರವಾದಿವರ್ಯರು(ಸ) ನಿರಾಕರಿಸಿದ ಘಟನೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಹಾಗಿದ್ದೂ ಎಷ್ಟೋ ಮನೆಗಳಲ್ಲಿ ಮಗನಿಗೆ ಹೊಸ ಫೋನು, ಪರೀಕ್ಷೆಗೆ ಓದುತ್ತಿರುವ ಮಗಳಿಗೆ ಅವನು ಬಿಟ್ಟ ಒಡಕು ಫೋನು. ಗಂಡನಿಗೆ ಹೊಸದು, ಹೆಂಡತಿಗೆ ಹಳೆಯದು. ಇದು ಮಿತವ್ಯಯವಲ್ಲ, ಮಿತವ್ಯಯದ ಹೆಸರಿನ ಅನ್ಯಾಯ. ಮಿತವ್ಯಯವನ್ನು ಮನೆಯ ಯಜಮಾನ ತನ್ನಿಂದಲೇ ಆರಂಭಿಸಲಿ.

ದುರಸ್ತಿ ಎಂದರೆ ಕೀಳು ಎಂಬ ಭಾವನೆ ನಮ್ಮ ಯುವಜನರಲ್ಲಿ ಬೆಳೆಯುತ್ತಿದೆ. ಪ್ರವಾದಿವರ್ಯರು(ಸ) ತಮ್ಮ ಚಪ್ಪಲಿಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು, ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕಿ, ಕೊಡೆ, ಬೀಗ ಸರಿಪಡಿಸಿ ಹಲಾಲ್ ಅನ್ನ ಉಂಡವರು. ಇಂದು ಪೇಟೆಯ ಚಿಕ್ಕ ಮೇಜಿನ ಮುಂದೆ ಕುಳಿತ ಯುವಕನೂ ಅದೇ ಪರಂಪರೆಯವನು. 2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತೆಂದೂ ಅದರಲ್ಲಿ ಕಾಲು ಭಾಗವೂ ಸರಿಯಾದ ಮರುಬಳಕೆಗೆ ಸೇರಲಿಲ್ಲವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಹೀಗಿರುವಾಗ ವಸ್ತುವಿನ ಆಯುಸ್ಸು ಹೆಚ್ಚಿಸುವವನು ಸಮಾಜಕ್ಕೆ ಉಪಕಾರಿ.

ಆದರೆ ಆ ಸಹೋದರನಿಗೂ ಒಂದು ಮಾತು. ಒಳಗೆ ತೇವವಿದ್ದ ಧಾನ್ಯದ ರಾಶಿಯ ಮೇಲೆ ಒಣಗಿದ್ದನ್ನು ತೋರಿಸಿದ ವ್ಯಾಪಾರಿಯನ್ನು ಪ್ರವಾದಿವರ್ಯರು(ಸ) ಕಟುವಾಗಿ ಎಚ್ಚರಿಸಿದ್ದರು. ನಕಲಿ ಬ್ಯಾಟರಿಯನ್ನು ಅಸಲಿಯೆಂದು ಹಾಕುವುದು ಅದೇ ತೇವದ ಧಾನ್ಯ. ಗಿರಾಕಿಯ ಫೋನಿನಲ್ಲಿರುವ ಮನೆಯವರ ಚಿತ್ರಗಳು ಅಮಾನತ್ತು, ಅವುಗಳ ಮೇಲೆ ಕಣ್ಣು ಹಾಯಿಸುವುದು ಅಮಾನತ್ತಿನ ದ್ರೋಹ. ಬಳಸಿದ ಫೋನು ಕೊಳ್ಳುವವರು ಅದು ಕಳವಿನ ಮಾಲಲ್ಲವೆಂದು ಸರ್ಕಾರದ ಸಂಚಾರ ಸಾಥಿ ವ್ಯವಸ್ಥೆಯಲ್ಲಿ ಐಎಂಇಐ ಸಂಖ್ಯೆ ನೀಡಿ ಪರಿಶೀಲಿಸಲಿ.

ಹೊಸದನ್ನು ಕೊಳ್ಳಲೇಬೇಕಾದರೆ ಹಳೆಯದನ್ನು ಏನು ಮಾಡುವಿರಿ? ತಾವೇ ಕಣ್ಣುಮುಚ್ಚಿಕೊಂಡಲ್ಲದೆ ಸ್ವೀಕರಿಸದ ಕಳಪೆ ವಸ್ತುವನ್ನು ದಾನಕ್ಕೆ ಆರಿಸಬಾರದೆಂಬುದು ಅಲ್ ಬಕರಃ ಅಧ್ಯಾಯದ (2:267) ಬೋಧನೆ. ಸತ್ತ ಫೋನನ್ನು ಬಡ ವಿದ್ಯಾರ್ಥಿಗೆ ಕೊಟ್ಟು ಸದಕಃ ಎನ್ನಬೇಡಿ. ಹೊಸ ಬ್ಯಾಟರಿ ಹಾಕಿಸಿ, ನಿಮ್ಮ ಮಾಹಿತಿ ಅಳಿಸಿ, ಒಂದು ತಿಂಗಳ ರೀಚಾರ್ಜ್ ಸಹಿತ ಕೊಡಿ. ಆಗ ಅದು ದಾನ.

ಪ್ರಿಯ ಓದುಗರೇ, ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಕೆಟ್ಟಿರುವುದು ಫೋನೋ, ಬ್ಯಾಟರಿಯೋ, ಸಿಗ್ನಲೋ, ಅಥವಾ ನನ್ನ ಸಂತೃಪ್ತಿಯೋ? ಮೊದಲ ಮೂರಕ್ಕೆ ಪೇಟೆಯಲ್ಲಿ ಮದ್ದಿದೆ. ನಾಲ್ಕನೆಯದಕ್ಕೆ ಯಾವ ಅಂಗಡಿಯಲ್ಲೂ ಇಲ್ಲ. ಅದು ಸಿಗುವುದು ತನಗಿಂತ ಕೆಳಗಿನವರನ್ನು ನೋಡಿ ಕೃತಜ್ಞನಾಗುವ ಹೃದಯದಲ್ಲಿ ಮಾತ್ರ. ಅಲ್ಲಾಹನು ನಮಗೆಲ್ಲ ಆ ಹೃದಯವನ್ನು ಕರುಣಿಸಲಿ, ಆಮೀನ್.