ಕಳಚಿ ಒಗೆಯುವ ಗವಸು


ಇಂದಿನ ಧಮ್ಮಚಿಂತನೆ



ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನಾನು ಕೂರುವ ಕುರ್ಚಿಯ ರೆಕ್ಸಿನ್ ಹರಿದು ಸ್ಪಂಜು ಹೊರಬಂದಿತ್ತು. ಎದ್ದಾಗಲೆಲ್ಲ ಕಪ್ಪು ಚೂರುಗಳು ಸೀರೆಗೆ ಅಂಟುತ್ತಿದ್ದವು. ಹೊಸ ಕುರ್ಚಿಗೆ ದುಡ್ಡಿಲ್ಲ ಎಂದರು. ಸರಿ, ನಾನೇ ಒಂದು ಗವಸು ಹೊಲಿಯೋಣ ಎಂದುಕೊಂಡೆ.

ಕುರ್ಚಿಯ ಮೇಲೆ ಹಳೆಯ ಪೇಪರ್ ಹಾಸಿ ಅಳತೆ ಗುರುತು ಹಾಕಿಕೊಂಡೆ. ಮನೆಯಲ್ಲಿದ್ದ ಹತ್ತಿ ಬೆಡ್‌ಶೀಟನ್ನು ಮೊದಲೇ ಒಗೆದು ಒಣಗಿಸಿದೆ, ಹೊಲಿದ ಮೇಲೆ ಕುಗ್ಗಬಾರದಲ್ಲ. ಸುತ್ತಲೂ 4 ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ಅಂಚು ಮಡಚಿ ಹೊಲಿದು, ಒಳಗೆ ಲಾಡಿ ಪೋಣಿಸಿದೆ. ಸೀಟಿನ ಕೆಳಗೆ ಎಳೆದು ಕಟ್ಟಿದರೆ ಬಿಗಿಯಾಗಿ ಕೂರುತ್ತದೆ. ಬಿಚ್ಚಿದರೆ ಕೈಗೆ ಬರುತ್ತದೆ, ಒಗೆಯಬಹುದು. ಒರಗುವ ಭಾಗಕ್ಕೆ ದಿಂಬಿನ ಕವರಿನಂಥದ್ದೇ ಇನ್ನೊಂದು. ಎಲ್ಲರೂ ಮೆಚ್ಚಿದರು. ನಾನೂ ಹಿಗ್ಗಿದೆ. "ಈಗಷ್ಟೇ ಒಗೆದು ತಂದಿದ್ದೀನಿ, ಯಾರೂ ಕೂರಬೇಡಿ ಆಯ್ತಾ" ಎಂದು ನಕ್ಕೆ.

ಒಂದು ಮಧ್ಯಾಹ್ನ ತರಗತಿ ಮುಗಿಸಿ ಬಂದೆ. ಬಿಸಿಯೂಟದ ಅಕ್ಕ ಹೆಡ್‌ಮಾಸ್ಟರ ಸಹಿಗಾಗಿ ಕಾಯುತ್ತಿದ್ದರು. ನನ್ನ ಕುರ್ಚಿ ಖಾಲಿ ಇತ್ತು. ಮೊಣಕಾಲು ನೋವಿರುವ ಆ ಅಕ್ಕ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು.

"ಯಾಕಕ್ಕ ಕೆಳಗೆ?" ಎಂದೆ.

"ನನ್ ಸೀರೇಲಿ ಎಣ್ಣೆ, ಅರಿಶಿಣ ಐತೆ ಮೇಡಂ. ಯಾರೂ ಕೂರಬ್ಯಾಡಿ ಅಂತ ನೀವೇ ಅಂದಿದ್ರಲ್ಲ."

ಬಂಧುಗಳೇ, ನನಗೆ ಮಾತು ಹೊರಡಲಿಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ತಮ್ಮ ಬಾಲ್ಯದ ಶಾಲೆಯನ್ನು ನೆನೆಯುತ್ತಾರೆ. ತರಗತಿಯ ಮೂಲೆಯಲ್ಲಿ ಅವರಿಗೆ ಬೇರೆಯೇ ಒಂದು ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಲಕ ಭೀಮ ದಿನವೂ ಸಂಜೆ ಅದನ್ನು ಮನೆಗೆ ಒಯ್ದು ಬೆಳಿಗ್ಗೆ ಮತ್ತೆ ತರಬೇಕಿತ್ತು. ಈ ಪಾಠವನ್ನು ಎಷ್ಟೋ ಸಭೆಗಳಲ್ಲಿ ನಾನೇ ಹೇಳಿದ್ದೇನೆ. ಅದು ಜಾತಿಯ ಕ್ರೌರ್ಯ, ಇದು ನನ್ನ ಎಚ್ಚರಗೇಡಿತನ. ಎರಡೂ ಒಂದೇ ಎನ್ನುವುದಿಲ್ಲ. ಆದರೆ ಒಂದು ತುಂಡು ಬಟ್ಟೆಯ ಕಾರಣಕ್ಕೆ ಒಬ್ಬರು ಕೆಳಗೆ ಕೂತರು, ಆ ಬಟ್ಟೆ ನನ್ನದಾಗಿತ್ತು.

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಕೋಸಂಬಿಯಲ್ಲಿ ಉದೇನ ರಾಜನ ರಾಣಿಯರು ಆನಂದ ಭಂತೆಗೆ 500 ವಸ್ತ್ರಗಳನ್ನು ದಾನ ಕೊಟ್ಟರು. ಇಷ್ಟೊಂದು ಬಟ್ಟೆ ಏನು ಮಾಡುವಿರಿ ಎಂದು ರಾಜ ವಿಚಾರಿಸಿದ. ಚೀವರ ಹರಿದಿರುವ ಭಿಕ್ಖುಗಳಿಗೆ ಹಂಚುತ್ತೇನೆ ಎಂದರು ಭಂತೆ. ಹಾಗಾದರೆ ಹಳೆಯ ಚೀವರ? ಅದು ಹಾಸಿಗೆಯ ಮೇಲುಹೊದಿಕೆಯಾಗುತ್ತದೆ. ಅದೂ ಹಳತಾದರೆ ಹಾಸಿಗೆಯ ಗವಸು, ಆಮೇಲೆ ನೆಲಹಾಸು, ಕಾಲೊರಸು, ಧೂಳು ಒರೆಸುವ ಬಟ್ಟೆ. ಕೊನೆಗೆ ಜಜ್ಜಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ. ರಾಜ ಮೆಚ್ಚಿ ಇನ್ನೂ 500 ವಸ್ತ್ರ ಕೊಟ್ಟ.

ಇದನ್ನು ಮಿತವ್ಯಯದ ಕಥೆ ಎಂದು ಓದುತ್ತೇವೆ. ಆ ದಿನ ನನಗೆ ಬೇರೊಂದು ಕಂಡಿತು. ಭಂತೆಯ ಕೈಯಲ್ಲಿ ಬಟ್ಟೆ ಎಲ್ಲೂ "ನನ್ನದು" ಎಂದು ನಿಲ್ಲುವುದಿಲ್ಲ. ಯಾರಿಗೆ ಬೇಕೋ ಅವರ ಕಡೆಗೆ ಹೋಗುತ್ತಲೇ ಇರುತ್ತದೆ. ನಾನು ಗವಸಿಗೆ ಲಾಡಿ ಹಾಕಿದ್ದೇ ಕೊಳೆಯಾದರೆ ಕಳಚಿ ಒಗೆಯಲೆಂದು. ಯಾರು ಬೇಕಾದರೂ ಕೂರಬಹುದಾದ ಕುರ್ಚಿ ಅದು. ಅದನ್ನೇ ಯಾರೂ ಕೂರದ ಕುರ್ಚಿ ಮಾಡಿಬಿಟ್ಟಿದ್ದೆ. ತೃಷ್ಣೆ ಚಿನ್ನ, ಭೂಮಿಯ ರೂಪದಲ್ಲೇ ಬರಬೇಕಿಲ್ಲ, ಹಳೆಯ ಬೆಡ್‌ಶೀಟಿನ ರೂಪದಲ್ಲೂ ಬರುತ್ತದೆ.

ಅಕ್ಕನ ಕೈ ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆ. "ತಪ್ಪಾಯ್ತಕ್ಕ" ಎಂದೆ. ಅವರು ಸೀಟಿನ ತುದಿಯಲ್ಲೇ ಕೂತರು. ಪೂರ್ತಿ ಒರಗಿ ಕೂರಲು ಅವರಿಗೆ ಇನ್ನೂ ಕೆಲವು ವಾರ ಬೇಕಾಯಿತು. ನನ್ನ ಒಂದು ತಮಾಷೆಯ ಮಾತು ಅಷ್ಟು ಕೆಲಸ ಮಾಡಿತ್ತು. ಈಗ ಗವಸಿನ ಮೇಲೆ ಅರಿಶಿಣದ ಕಲೆಯಿದೆ. ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ತಿಳಿಯಾಗುತ್ತದೆ. ಪ್ರತಿ ಶನಿವಾರ ಮನೆಗೆ ತಂದು ಒಗೆಯುತ್ತೇನೆ.

ಸಮಾನತೆಯನ್ನು ಸ್ಥಾಪಿಸಲು ಯತ್ನಿಸುತ್ತೇನೆ ಎಂಬುದು 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಒಂದು. ಅದನ್ನು ವಿಹಾರದಲ್ಲಿ ಹೇಳುವುದು ಸುಲಭ. ಸ್ಟಾಫ್ ರೂಮಿನಲ್ಲಿ, ಅಡುಗೆಮನೆಯಲ್ಲಿ, ನಮ್ಮ ವಸ್ತುಗಳ ನಡುವೆ ಪಾಲಿಸುವುದೇ ಕಷ್ಟ.

ಇಂದಿನ ಅಭ್ಯಾಸ: ನಮ್ಮ ಮನೆಯಲ್ಲಿ, ಕೆಲಸದ ಜಾಗದಲ್ಲಿ ಯಾರಾದರೂ ಕೂರಲು, ಮುಟ್ಟಲು ಹಿಂಜರಿಯುವ ವಸ್ತು ಯಾವುದಿದೆ? ಇಂದು ಅದನ್ನು ಗಮನಿಸೋಣ. ನಾವೇ ಮೊದಲು ಕರೆದು ಕೂರಿಸೋಣ.

ಭವತು ಸಬ್ಬ ಮಂಗಲಂ
ಜೈ ಭೀಮ್