ಧರ್ಮಾಸ್ಪತ್ರೆಯ ಸಾಲಿನಲ್ಲಿ

ನಮ್ಮ ಕಡೆ ವಯಸ್ಸಾದವರು ಸರ್ಕಾರಿ ಆಸ್ಪತ್ರೆಯನ್ನು ಈಗಲೂ ‘ಧರ್ಮಾಸ್ಪತ್ರೆ’ ಅಂತಲೇ ಕರೆಯೋದು. ತಮಿಳು ಮಾತಾಡುವ ಹಿರಿಯರ ಬಾಯಲ್ಲೂ ಅದೇ ಮಾತು. ಕೇಳಿದಾಗೆಲ್ಲ ನನಗೊಂದು ಅನುಮಾನ ಬರುತ್ತೆ. ಇಲ್ಲಿ ಧರ್ಮ ಅಂದರೆ ಯಾರ ಧರ್ಮ? ‘ಅಮ್ಮಾ, ಧರ್ಮ ಮಾಡಿ’ ಅಂತ ಬಾಗಿಲಲ್ಲಿ ನಿಂತು ಕೇಳುವುದು ಒಂದು ಧರ್ಮ. ‘ಅದು ನಿನ್ನ ಧರ್ಮ ಕಣಪ್ಪ, ನೀನೇ ಮಾಡಬೇಕು’ ಅಂತ ಹಿರಿಯರು ಹೇಳುವುದು ಇನ್ನೊಂದು. ಮೊದಲನೆಯದು ಭಿಕ್ಷೆ, ಎರಡನೆಯದು ಹೊಣೆ. ಆಸ್ಪತ್ರೆಯ ಚೀಟಿ ಹಿಡಿದು ಸಾಲಿನಲ್ಲಿ ನಿಂತಾಗ ನಾವು ಯಾವ ಧರ್ಮದಲ್ಲಿ ನಿಂತಿದ್ದೇವೆ ಅನ್ನುವುದು ಸಣ್ಣ ಪ್ರಶ್ನೆಯಲ್ಲ.

ಭಿಕ್ಷೆಯ ಮಾತು ಮೊದಲು ಮುಗಿಸಿಬಿಡೋಣ. ಅಲ್ಲಿ ಕೊಡುವ ಮಾತ್ರೆ ಪುಕ್ಕಟೆಯದಲ್ಲ. ಸೋಪು ಕೊಂಡರೂ ಬೆಂಕಿಪೊಟ್ಟಣ ಕೊಂಡರೂ ನಾವು ತೆರಿಗೆ ಕಟ್ಟುತ್ತೇವೆ. ಹೊಸೂರಿನ ಕಾರ್ಖಾನೆಗಳಲ್ಲಿ ಪಾಳಿ ಮೇಲೆ ದುಡಿಯುವ ನಮ್ಮ ಹುಡುಗರು ಕಟ್ಟುತ್ತಾರೆ, ಬೆಂಗಳೂರು ಮಾರ್ಕೆಟ್ಟಿಗೆ ಹೂವು, ಕೊತ್ತಂಬರಿ ಕಳಿಸುವವರೂ ಕಟ್ಟುತ್ತಾರೆ. ಆ ದುಡ್ಡೇ ಮಾತ್ರೆಯಾಗಿ ವಾಪಸ್ಸು ಬರುತ್ತೆ. ಆದರೂ ಜನ ಏನಂತಾರೆ? ‘ಅದ್ರಲ್ಲಿ ಪವರ್ ಇರಲ್ಲ ಸಾರ್.’ ತಮಿಳುನಾಡು ವೈದ್ಯಕೀಯ ಸೇವೆಗಳ ನಿಗಮ 1994ರಲ್ಲಿ ಶುರುವಾಯಿತು. ಇಡೀ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧಿಯನ್ನು ಅದು ಒಟ್ಟಿಗೆ ಕೊಳ್ಳುತ್ತದೆ. ಬಂದ ಮಾಲಿನಿಂದ ಮಾದರಿ ತೆಗೆದು, ಯಾವ ಕಂಪನಿಯದು ಅಂತ ತಿಳಿಯದ ಹಾಗೆ ಗುರುತು ಮುಚ್ಚಿ, ಪ್ರಯೋಗಶಾಲೆಗೆ ಕಳಿಸುತ್ತದೆ. ಪಾಸಾದ ಮೇಲೆಯೇ ಆಸ್ಪತ್ರೆಗೆ ಬಿಡುವುದು. ದುಡ್ಡು ಕೊಟ್ಟು ಅಂಗಡಿಯಲ್ಲಿ ಕೊಂಡ ಮಾತ್ರೆಗೆ ಇಷ್ಟು ಪರೀಕ್ಷೆ ಆಗಿದೆಯೋ ಇಲ್ಲವೋ ಅಂತ ನಾವು ಯಾರೂ ಕೇಳುವುದಿಲ್ಲ.

ಸೂಜಿ ಮತ್ತು ಗ್ಲೂಕೋಸಿನ ಮೋಹವೂ ಇಂಥದ್ದೇ. ಸೂಜಿ ಹಾಕದಿದ್ದರೆ ಅವನು ಡಾಕ್ಟರೇ ಅಲ್ಲ ಅನ್ನುವವರು ನಮ್ಮಲ್ಲಿ ಬೇಕಾದಷ್ಟು. ‘ಸುಸ್ತು, ಒಂದು ಬಾಟ್ಲಿ ಏರಿಸಿಬಿಡಿ’ ಅಂತ ತಾವೇ ಹೇಳುತ್ತಾರೆ. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸು, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಬಾಯಲ್ಲಿ ಕುಡಿಯಲಾಗದವರಿಗೆ ಅದು ಜೀವ, ನಿಜ. ಕುಡಿಯಬಲ್ಲವರಿಗೆ ಮುದ್ದೆ ಸಾರು ವಾಸಿ. 1971ರಲ್ಲಿ ಬಾಂಗ್ಲಾದಿಂದ ಓಡಿಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹತ್ತಿದಾಗ, ಏರಿಸಲು ಬಾಟ್ಲಿ ಮುಗಿದುಹೋಗಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇವತ್ತು ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುವ ಆ ಓಆರ್‌ಎಸ್ ಪೊಟ್ಟಣವನ್ನು ನಾವು ‘ಇಷ್ಟೇನಾ ಕೊಟ್ಟಿದ್ದು’ ಅಂತ ಗೊಣಗಿಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತೇವೆ.

ಮಾತ್ರೆಯನ್ನು ಇನ್ನಷ್ಟು ತರಿಸಬಹುದು. ತರಿಸಲಾಗದ್ದು ಡಾಕ್ಟರ ಹೊತ್ತು. 2017ರಲ್ಲಿ 67 ದೇಶಗಳ ಲೆಕ್ಕ ಒಟ್ಟುಮಾಡಿ, ಒಬ್ಬ ರೋಗಿಗೆ ಡಾಕ್ಟರು ಎಷ್ಟು ಹೊತ್ತು ಕೊಡುತ್ತಾರೆ ಅಂತ ಪ್ರಕಟಿಸಿದರು. ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮ ದೇಶದಲ್ಲಿ ಸುಮಾರು ಎರಡು ನಿಮಿಷ. ಬೆಳಿಗ್ಗೆ ಮೂರು ಗಂಟೆ ಒಪಿ, ತೊಂಬತ್ತು ಜನ ಅಂತಿಟ್ಟುಕೊಳ್ಳಿ. ತಲೆಗೆ ಎರಡೇ ನಿಮಿಷ ಬರುತ್ತೆ. ಹತ್ತು ನಿಮಿಷ ಕೂತವನು ಡಾಕ್ಟರ ಹೊತ್ತು ತಿನ್ನಲಿಲ್ಲ, ಹಿಂದೆ ನಿಂತ ನಾಲ್ವರ ಹೊತ್ತು ತಿಂದ.

ಇದು ನಮಗೆ ಹೊಸ ಲೆಕ್ಕವೇನಲ್ಲ. ಕೆರೆ ಇದ್ದ ಊರಿನವರು ನಾವು. ಕೆರೆ ಯಾರ ಮನೆ ಸ್ವತ್ತೂ ಅಲ್ಲ, ಆದರೆ ತೂಬು ಎತ್ತುವುದು ನೀರುಗಂಟಿ ಮಾತ್ರ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನು ನಿಂತು ಬಿಡುತ್ತಿದ್ದ. ಮೇಲಿನ ಗದ್ದೆಯವನು ರಾತ್ರಿ ಎದ್ದು ಬದು ಕಡಿದರೆ ಕೆಳಗಿನವನ ಪೈರು ಒಣಗುತ್ತೆ. ಹಾಗೆ ಕಡಿದವನನ್ನು ಊರು ಕಳ್ಳ ಅಂತಲೇ ಕರೀತಿತ್ತು, ಅವನು ಕದ್ದದ್ದು ನೀರಾದರೂ. ಆದರೆ ‘ನಾನು ಇಂಥವರ ಕಡೆಯವನು’ ಅಂತ ಫೋನು ಮಾಡಿಸಿ ಸಾಲು ಮುರಿದು ಒಳಗೆ ಹೋಗುವವನನ್ನು ನಾವು ಕಳ್ಳ ಅನ್ನಲ್ಲ, ‘ಪರವಾಗಿಲ್ಲ, ಕೆಲಸ ಗೊತ್ತಿರೋನು’ ಅಂತೀವಿ.

ಹಾಗಂತ ಮೊದಲು ಬಂದವರಿಗೆ ಮೊದಲು ಅನ್ನುವುದೇ ನ್ಯಾಯವೂ ಅಲ್ಲ. ಬಸ್ಸಿನ ಟಿಕೆಟ್ಟಿಗೆ ಆ ಲೆಕ್ಕ ಸರಿ. ನೆಪೋಲಿಯನ್ನನ ಸೇನೆಯಲ್ಲಿ ಲಾರೇ ಅಂತ ಒಬ್ಬ ಶಸ್ತ್ರವೈದ್ಯನಿದ್ದ. ಗಾಯ ಯಾರದು ದೊಡ್ಡದೋ ಅವರನ್ನು ಮೊದಲು ನೋಡಬೇಕು, ಅಧಿಕಾರಿಯೋ ಸಿಪಾಯಿಯೋ ಅಂತ ನೋಡಕೂಡದು ಅನ್ನುವ ಪದ್ಧತಿ ತಂದ. ನಮ್ಮ ಸಾಲಿನಲ್ಲಿ ಈ ಲಾರೇ ಯಾರು? ಬಾಗಿಲಲ್ಲಿ ಚೀಟಿ ನೋಡುವ ನರ್ಸಮ್ಮನೇ. ಎದೆ ಹಿಡಿದುಕೊಂಡು ಬೆವರುತ್ತಾ ಕೂತವನನ್ನು ಆಕೆ ಸಾಲಿನ ಕೊನೆಯಿಂದ ಎಬ್ಬಿಸಿ ಒಳಗೆ ಕರೆದಳು ಅಂದರೆ ಮುಂದಿನವರು ಜಗಳಕ್ಕೆ ನಿಲ್ಲುತ್ತಾರೆ. ಫೋನು ಮಾಡಿಸಿದವನಿಗೆ ದಾರಿ ಬಿಟ್ಟ ಬಾಯಿಗಳೇ ಅವು. ಇನ್ನು ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದವರನ್ನು ಈ ಸಾಲಿಗೆ ತರಲೇಬಾರದು, 108ಕ್ಕೆ ಫೋನು ಮಾಡಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆಯ ಗಡುವು. ಆ ಗಂಟೆಗಳಲ್ಲಿ ಅರ್ಧ ನಮ್ಮ ಮನೆ ಜಗುಲಿಯಲ್ಲೇ ಕಳೆದುಹೋಗುತ್ತೆ.

ಸಿಕ್ಕ ಎರಡು ನಿಮಿಷದಲ್ಲಿ ಮಾಡಬೇಕಾದ್ದೇನು? ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಕಾಲು ಅಂತ ಹೇಳಿದೆ: ವೈದ್ಯ, ಔಷಧಿ, ಆರೈಕೆ ಮಾಡುವವನು, ರೋಗಿ. ನಾವು ಮೊದಲೆರಡು ಕಾಲಿನ ಬಗ್ಗೆಯೇ ಮಾತಾಡುತ್ತೇವೆ. ಒಳ್ಳೆಯ ರೋಗಿಗೂ ಅಲ್ಲಿ ನಾಲ್ಕು ಗುಣ ಹೇಳಿದ್ದಾರೆ. ನೆನಪಿರಬೇಕು, ಹೇಳಿದಂತೆ ನಡೆಯಬೇಕು, ಅಂಜಬಾರದು, ತನಗೇನಾಗುತ್ತಿದೆ ಅಂತ ಬಿಡಿಸಿ ಹೇಳಬೇಕು. ಈ ಕೊನೆಯ ಎರಡು ಒಟ್ಟಿಗೆ ಹೋಗುವ ಗುಣಗಳು ಅಂತ ನನ್ನ ಎಣಿಕೆ. ಅಂಜುವವನು ಬಿಡಿಸಿ ಹೇಳಲಾರ.

ಬಿಡಿಸಿ ಹೇಳುವುದರಲ್ಲಿ ನಮ್ಮ ಗಡಿಯವರಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ತೆಲುಗು, ಡಾಕ್ಟರದು ತಮಿಳು. ವಯಸ್ಸಾದವರ ಜೊತೆ ಆಸ್ಪತ್ರೆಗೆ ಹೋಗಿ ಮಾತು ದಾಟಿಸುವ ಕೆಲಸ ನನಗೆ ಮೇಷ್ಟರ ಕೆಲಸ ಬಿಟ್ಟ ಮೇಲೆ ಅಂಟಿಕೊಂಡಿತು. ‘ಹುಷಾರಿಲ್ಲ’ ಅನ್ನುತ್ತಾರೆ ನಮ್ಮ ಅವ್ವಂದಿರು. ತಮಿಳಿನಲ್ಲಿ ‘ಉಷಾರ್’ ಅಂದರೆ ಎಚ್ಚರಿಕೆ. ‘ಸಂಕಟ’ ಅನ್ನುತ್ತಾರೆ. ಅದು ಹೊಟ್ಟೆ ತೊಳಸುವುದೋ, ಎದೆ ಹಿಂಡುವುದೋ, ಮನಸ್ಸಿನ ದುಃಖವೋ ಅಂತ ಕನ್ನಡದವನಾದ ನಾನೇ ಕೇಳಿ ತಿಳಿಯಬೇಕು. ಹಾಗೆ ಕೇಳದೆ ‘ಗ್ಯಾಸು’ ಅಂತ ದಾಟಿಸಿದರೆ ಗ್ಯಾಸಿನ ಮಾತ್ರೆಯೇ ಬರುತ್ತೆ. ದಾಟಿಸುವವನು ತನ್ನ ಅಭಿಪ್ರಾಯ ಸೇರಿಸಬಾರದು. ಅವರು ಹೇಳಿದ್ದನ್ನು ಹೇಳಬೇಕು, ಜಾಗವನ್ನು ಅವರ ಕೈಯಲ್ಲೇ ಮುಟ್ಟಿ ತೋರಿಸಲು ಬಿಡಬೇಕು.

ಡಾಕ್ಟರಿಗೆ ತಿಳಿಯದ, ನಮಗೇ ತಿಳಿದ ಸಂಗತಿಗಳಿರುತ್ತವೆ. ತೋಟದಲ್ಲಿ ಗುಲಾಬಿಗೋ ಟೊಮೇಟೊಗೋ ಔಷಧಿ ಹೊಡೆದು ಬಂದವನಿಗೆ ತಲೆನೋವು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು. ‘ಬಿಸಿಲಿಗೆ ಹಿಂಗಾಗಿದೆ’ ಅಂತ ಅವನು ಹೇಳಿದರೆ ಡಾಕ್ಟರು ನಂಬುತ್ತಾರೆ. ಹೊಡೆದ ಔಷಧಿಯ ಡಬ್ಬಿಯನ್ನೋ ಅದರ ಚೀಟಿಯನ್ನೋ ತಂದು ತೋರಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಇನ್ನು ಸುಳ್ಳಿನ ಮಾತು. ‘ದಿನಾ ಮಾತ್ರೆ ತಗೋತೀಯಾಮ್ಮ?’ ‘ತಗೋತೀನಿ ಸ್ವಾಮಿ.’ ತಗೊಂಡಿರುವುದಿಲ್ಲ. ಮಾತ್ರೆ ತಗೊಂಡೂ ಬಿಪಿ ಇಳಿದಿಲ್ಲ ಅಂತ ಡಾಕ್ಟರು ಪ್ರಮಾಣ ಹೆಚ್ಚಿಸುತ್ತಾರೆ. ಮನೆಗೆ ಬಂದು ಭಯದಲ್ಲಿ ಎಲ್ಲವನ್ನೂ ಒಮ್ಮೆಗೇ ಶುರು ಮಾಡಿದರೆ ತಲೆ ತಿರುಗಿ ಬೀಳುವುದು ಖಂಡಿತ. ಈ ಸುಳ್ಳಿಗೆ ಆಯಮ್ಮನನ್ನು ಮಾತ್ರ ದೂರಲಾರೆ. ಮೂವತ್ತು ವರ್ಷ ಮಕ್ಕಳಿಗೆ ಹೋಂವರ್ಕ್ ಕೊಟ್ಟವನು ನಾನು. ಬೈಯುವ ಮೇಷ್ಟರಿಗೇ ಮಕ್ಕಳು ಹೆಚ್ಚು ಸುಳ್ಳು ಹೇಳೋದು. ರೋಗಿಯನ್ನು ಗದರಿಸುವ ಡಾಕ್ಟರು ತಮ್ಮ ಕೈಗೆ ಬರುವ ನಿಜವನ್ನು ತಾವೇ ತಡೆಯುತ್ತಾರೆ. ಅಂಜಬಾರದು ಅಂತ ರೋಗಿಗೆ ಹೇಳಿದ ಮೇಲೆ ಅಂಜಿಸಬಾರದು ಅಂತ ಇನ್ನೊಬ್ಬರಿಗೂ ಹೇಳಬೇಕಲ್ಲ.

ಹೇಳಿದಂತೆ ನಡೆಯುವ ಗುಣಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಸಾಕ್ಷಿಯಿದೆ. ಕ್ಷಯಕ್ಕೆ ಸ್ಯಾನಟೋರಿಯಮ್ಮೇ ಗತಿ, ಒಳ್ಳೆ ಗಾಳಿ, ಹಾಲು ಮೊಟ್ಟೆ, ವಿಶ್ರಾಂತಿ ಇಲ್ಲದೆ ವಾಸಿಯಾಗದು ಅಂತ ಲೋಕವೆಲ್ಲ ನಂಬಿದ್ದ ಕಾಲ ಅದು. 1956ರಲ್ಲಿ ಮದರಾಸಿನಲ್ಲಿ ಶುರುವಾದ ಕೇಂದ್ರವೊಂದು ಕೆಲವು ಬಡ ರೋಗಿಗಳನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು, ಕೆಲವರನ್ನು ಅವರ ಇಕ್ಕಟ್ಟಿನ ಮನೆಗಳಲ್ಲೇ ಬಿಟ್ಟು, ಒಂದೇ ಔಷಧಿ ಕೊಟ್ಟು ನೋಡಿತು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ವಾಸಿಯಾಗಿದ್ದರು. ಮುಖ್ಯವಾದದ್ದು ಔಷಧಿ ತಪ್ಪದೆ ಒಳಗೆ ಹೋಗುವುದು. ಕ್ಷಯದ ಮಾತ್ರೆ ಆರು ತಿಂಗಳು. ಎರಡು ತಿಂಗಳಿಗೆ ಕೆಮ್ಮು ನಿಂತಿತು ಅಂತ ಬಿಟ್ಟವನ ಎದೆಯಲ್ಲಿ ಉಳಿದ ಹುಳು ಆ ಮಾತ್ರೆಗೆ ಬಗ್ಗುವುದಿಲ್ಲ. ಆಮೇಲೆ ಅದು ಅವನ ಮಗುವಿಗೆ ಅಂಟಿದರೆ ಮಗುವಿಗೂ ಆ ಮಾತ್ರೆ ನಾಟದು. ನನ್ನ ಮೈ, ನನ್ನಿಷ್ಟ ಅನ್ನುವ ವಾದ ಇಲ್ಲಿ ಮುರಿದುಬೀಳುತ್ತೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ. ತಿಂಗಳ ಮಾತ್ರೆ ತಪ್ಪದೆ ತರುತ್ತಾರೆ, ಆದರೆ ಸಕ್ಕರೆ ಇಳಿಯುವುದಿಲ್ಲ. ಕೊನೆಗೆ ತಿಳಿದದ್ದು, ತಂದ ಮಾತ್ರೆಯಲ್ಲಿ ಅರ್ಧ ಪಕ್ಕದೂರಿನ ಅಕ್ಕನಿಗೆ ಕೊಡುತ್ತಿದ್ದರು. ‘ಅವಳಿಗೆ ಕಾಲಿಲ್ಲಪ್ಪ ಬರೋಕೆ. ಇರೋದ್ನ ಇಬ್ರೂ ತಗೊಂಡ್ವಿ.’ ಇದನ್ನು ತಪ್ಪು ಅಂತ ಹೇಗೆ ಹೇಳುವುದು? ಹಂಚಿಕೊಂಡು ತಿನ್ನು ಅಂತ ಹೇಳಿಯೇ ನಾವು ಮಕ್ಕಳನ್ನು ಬೆಳೆಸಿದ್ದು. ರೊಟ್ಟಿ ಹಂಚಿದರೆ ಇಬ್ಬರಿಗೂ ಅರ್ಧ ಹೊಟ್ಟೆಯಾದರೂ ತುಂಬುತ್ತೆ. ಮಾತ್ರೆ ಹಂಚಿದರೆ ಇಬ್ಬರಿಗೂ ಅರ್ಧ ವಾಸಿಯಾಗದು, ಇಬ್ಬರಿಗೂ ಕಾಯಿಲೆ ಪೂರ್ತಿ ಉಳಿಯುತ್ತೆ. ಒಳ್ಳೆಯತನ ಕೂಡ ಎಲ್ಲಿ ಯಾವ ವಸ್ತುವಿನಲ್ಲಿ ಅಂತ ನೋಡಿ ನಡೆಯಬೇಕಾಗುತ್ತೆ. ಅಕ್ಕನ ಹೆಸರಿಗೇ ಒಂದು ಚೀಟಿ ಮಾಡಿಸಿದ ಮೇಲೆ ಇಬ್ಬರದೂ ಸರಿಹೋಯಿತು.

ಇಷ್ಟು ಓದಿದ ಮೇಲೆ ಯಾರಾದರೂ ಕೇಳಬಹುದು, ‘ಏನ್ ಮೇಷ್ಟ್ರೇ, ಡಾಕ್ಟರು ಸಾಲದೆ ಇರೋದು ಸರ್ಕಾರದ ತಪ್ಪು, ಬುದ್ಧಿ ಮಾತ್ರ ಬಡವರಿಗಾ?’ ಸರಿಯಾದ ಪ್ರಶ್ನೆ. 1946ರಲ್ಲಿ ಭೋರ್ ಸಮಿತಿ 40,000 ಜನಕ್ಕೊಂದು ಪ್ರಾಥಮಿಕ ಘಟಕ, ಅದರಲ್ಲಿ ಇಬ್ಬರು ಡಾಕ್ಟರು ಅಂತ ಕೇಳಿತ್ತು, ಅದೂ ಸದ್ಯಕ್ಕೆ ಅಂತ. ಮುಂದೆ ಹತ್ತಿಪ್ಪತ್ತು ಸಾವಿರ ಜನಕ್ಕೊಂದು 75 ಹಾಸಿಗೆಯ ಆಸ್ಪತ್ರೆ ಆಗಬೇಕು ಅಂದಿತ್ತು. ಆ ‘ಮುಂದೆ’ ಇನ್ನೂ ಬಂದಿಲ್ಲ. ಬಯಲುಸೀಮೆಯಲ್ಲಿ ಈಗಲೂ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದೇ ಅಳತೆ. ಅದನ್ನು ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು, ಬರೆದು ಕೇಳಬೇಕು. ಕೆರೆ ಹೂಳು ತೆಗೆಸಿ ಅಂತ ಕೇಳುವುದಕ್ಕೂ, ಇರುವ ನೀರನ್ನು ಸರಿಯಾಗಿ ಹಂಚಿಕೊಳ್ಳುವುದಕ್ಕೂ ಜಗಳವಿಲ್ಲ.

ಆದರೆ ‘ಡಾಕ್ಟರ ಹೊತ್ತು ಉಳಿಸಿ’ ಅನ್ನುವ ಮಾತಿನಲ್ಲಿ ಒಂದು ಅಪಾಯ ಇರುವುದನ್ನು ನಾನು ಕಂಡಿದ್ದೇನೆ. ಆ ಮಾತು ಕೇಳಬೇಕಾದವರಿಗೆ ಕೇಳಿಸುವುದೇ ಇಲ್ಲ. ಮೊದಲೇ ಬಾಯಿ ಮುಚ್ಚಿಕೊಂಡವರು ಇನ್ನೂ ಮುಚ್ಚಿಕೊಳ್ಳುತ್ತಾರೆ. ‘ನಂಗೇನು, ಚಿಕ್ಕೋರನ್ನ ನೋಡ್ಲಿ’ ಅನ್ನುವ ಅಜ್ಜಿ, ಕೂಲಿ ತಪ್ಪುತ್ತೆ ಅಂತ ನೋವು ನುಂಗುವ ಹೆಂಗಸು, ಅತ್ತೆಯನ್ನು ಕೇಳದೆ ಹೊಸಿಲು ದಾಟದ ಸೊಸೆ. ಇವರು ಆಸ್ಪತ್ರೆಗೆ ಹೋಗದಿರುವುದನ್ನು ಸಂಯಮ ಅಂತ ಹೊಗಳಬಾರದು.

2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ ಮುಖ್ಯಮಂತ್ರಿ ಸ್ಟಾಲಿನ್ ಅವರು ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಶುರು ಮಾಡಿದರು. ಜನರನ್ನು ಹುಡುಕಿಕೊಂಡು ಬರುವ ವೈದ್ಯ ಅಂತ ಅರ್ಥ. ಬಿಪಿ, ಸಕ್ಕರೆಯ ಮಾತ್ರೆ ಮನೆ ಬಾಗಿಲಿಗೆ ಬರುತ್ತೆ, ನಡೆಯಲಾಗದವರಿಗೆ ವ್ಯಾಯಾಮ ಮಾಡಿಸುವವರೂ ಬರುತ್ತಾರೆ. ಮಾತ್ರೆ ಬಂತಲ್ಲ ಅಂತ ಎಲ್ಲರೂ ಸಂತೋಷಪಟ್ಟರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಮಾತ್ರೆ ತರುವ ಹೆಣ್ಣುಮಗಳು ನಮ್ಮ ಪೈಕಿಯವಳೇ, ಜಗುಲಿ ಮೇಲೆ ಕೂತು ನಮ್ಮ ಮಾತಿನಲ್ಲೇ ಕೇಳುತ್ತಾಳೆ ಅನ್ನುವುದು.

ನನಗೆ ಪರಿಚಯದ ಒಂದು ಮನೆ. ಊರು ಹೇಳುವುದಿಲ್ಲ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅತ್ತೆಗೆ ಬಿಪಿ ಮಾತ್ರೆ ಕೊಡಲು ಬಂದವಳು ಒಳಗಿದ್ದ ಸೊಸೆಯನ್ನು ‘ನೀನ್ ಹೆಂಗಿದೀಯಕ್ಕ?’ ಅಂತ ಸುಮ್ಮನೆ ಕೇಳಿದಳು. ಸೊಸೆ ಆಕೆಯ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ, ಎದೆಯಲ್ಲಿದ್ದ ಗಂಟನ್ನು ತೋರಿಸಿದರು. ಒಂದೂವರೆ ವರ್ಷದಿಂದ ಇತ್ತಂತೆ. ಅಷ್ಟರಲ್ಲಿ ಅತ್ತೆಯ ಜೊತೆ, ಮಕ್ಕಳ ಜೊತೆ ಎಷ್ಟೋ ಸಲ ಆಸ್ಪತ್ರೆಯ ಸಾಲಿನಲ್ಲಿ ನಿಂತು ಬಂದಿದ್ದರು, ತಮ್ಮ ಹೆಸರಿಗೆ ಮಾತ್ರ ಒಂದು ಚೀಟಿ ಬರೆಸಿರಲಿಲ್ಲ. ಈಗ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದಾರೆ. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆ. ಜೊತೆಗೆ ಹೋಗಲು ಬೀದಿಯ ಹೆಂಗಸರು ಸರತಿ ಮಾಡಿಕೊಂಡಿದ್ದಾರೆ, ಈ ಗುರುವಾರದ್ದು ಅತ್ತೆಯ ಸರತಿ.