ಕೂಸಿನ ತೂಕ, ತಾಯಿಯ ತೂಕ

ಕೂಡ್ಲಿಗಿ, ಕೊಟ್ಟೂರು ಸೀಮೆಯ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚುಚ್ಚುಮದ್ದಿನ ದಿನ ಹೋಗಿ ನೋಡಿ. ಕಂಕುಳಲ್ಲಿ ಕೂಸು, ಕೈಯಲ್ಲಿ ತಾಯಿ ಕಾರ್ಡು ಹಿಡಿದ ಹೆಣ್ಣುಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ನರ್ಸಮ್ಮ ಕೂಸನ್ನು ತೂಗುತ್ತಾರೆ, ಬರೆದುಕೊಳ್ಳುತ್ತಾರೆ, ಸೂಜಿ ಚುಚ್ಚುತ್ತಾರೆ, ಜ್ವರ ಬಂದರೆ ಏನು ಮಾಡಬೇಕೆಂದು ಹೇಳುತ್ತಾರೆ. ಬಸುರಿಯಾಗಿದ್ದಾಗ ಬಂದಾಗಲೆಲ್ಲ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದ ತಾಯಿಯನ್ನು ಹೆರಿಗೆಯ ನಂತರ ತೂಗುವವರು ಅಪರೂಪ. ಕೂಸು ಹೊರಬಂತು, ಅವಳ ದೇಹದ ಲೆಕ್ಕ ಮುಗಿಯಿತು!

ಬರದ ಸೀಮೆಯಲ್ಲಿ ಬೊಜ್ಜಿನ ಮಾತೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 32.9ರಷ್ಟು ಕಡಿಮೆ ತೂಕದವರು. ಆದರೆ ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇ. 30.1ರಷ್ಟು ಅತಿತೂಕದವರು. 2015-16ರಲ್ಲಿ ಇದು ಶೇ. 23.3 ಇತ್ತು. ಗಂಡಸರೇನೂ ಹಿಂದೆ ಬಿದ್ದಿಲ್ಲ, ಶೇ. 30.9. ಸೊರಗಿದ ಕೂಸು ಮತ್ತು ಮೈ ಬಂದ ತಾಯಿ ಒಂದೇ ಮನೆಯಲ್ಲಿರಬಹುದು. ಸಜ್ಜೆ, ನವಣೆ ಕಡಿಮೆಯಾಗಿ ಬಿಳಿ ಅನ್ನ, ಸಕ್ಕರೆ ಚಹಾ, ಕರಿದ ತಿಂಡಿ ಹೆಚ್ಚಾದ ಮನೆಯಲ್ಲಿ ಇಬ್ಬರಿಗೂ ಸಿಗುವುದು ಹೊಟ್ಟೆ ತುಂಬಿಸುವ ಊಟ, ಪೋಷಿಸುವ ಊಟವಲ್ಲ.

“ತಿಂದು ಕೂತಿದ್ದಾಳೆ” ಎಂದುಬಿಡುವುದು ಸುಲಭ. ನಮ್ಮ ಮನೆಗಳಲ್ಲಿ ಬಾಣಂತಿಗೆ ನಲವತ್ತು ದಿನದ ಚಿಲ್ಲಾ, ತುಪ್ಪ, ಕೊಬ್ಬರಿ, ಅಂಟಿನುಂಡೆ. ಸೋತ ಮೈಗೆ ಬಲ ಬರಲೆಂದು ಹಿರಿಯರು ಮಾಡಿದ ಕ್ರಮ ಅದು, ತಪ್ಪೆನ್ನಲಾರೆ. ನಲವತ್ತು ದಿನ ಕಳೆದರೂ ಉಣ್ಣುವ ರೂಢಿ ಉಳಿಯುತ್ತದೆ, ನಿದ್ದೆ ಮಾತ್ರ ಮರಳುವುದಿಲ್ಲ. ಮೇಲಾಗಿ ಮಗು ಬಿಟ್ಟ ತುತ್ತನ್ನು ತಿನ್ನುವವಳೂ ಅವಳೇ. ಅನ್ನ ಚೆಲ್ಲುವುದು ಪಾಪವೆಂದು ಕಲಿತಿದ್ದಾಳೆ, ಸರಿಯಾಗಿಯೇ ಕಲಿತಿದ್ದಾಳೆ. ಆದರೆ ಹಸಿವಿಲ್ಲದ ಹೊಟ್ಟೆಗೆ ತುರುಕಿದ ಅನ್ನ ಉಳಿದಂತಾಯಿತೇ? ತಿನ್ನಿರಿ, ಕುಡಿಯಿರಿ, ಅತಿರೇಕ ಬೇಡ ಎಂಬರ್ಥದ ಕುರ್‌ಆನ್ ಆದೇಶ ತಟ್ಟೆಗೆ ಮಾತ್ರವಲ್ಲ, ಹೊಟ್ಟೆಗೂ ಅನ್ವಯಿಸುತ್ತದೆ. ಮಗುವಿನ ತಟ್ಟೆಗೆ ಮೊದಲೇ ಕಡಿಮೆ ಬಡಿಸಿದರೆ ಎರಡೂ ಉಳಿಯುತ್ತವೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ತಾಯಿ ಮಗುವಿಗಾಗಿ ಇರುವ ಸಾಧನವೋ, ತಾನೇ ಒಂದು ಜೀವವೋ? 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಟ್ಟಿತು. ಒಳ್ಳೆಯ ಕೆಲಸ. ಅದರ ಅವಧಿ ಹೆರಿಗೆಯ ನಂತರ ಆರು ತಿಂಗಳು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಸರ್ಕಾರಿ ತಪಾಸಣೆ ಶುರುವಾಗುವುದು ಮೂವತ್ತರ ನಂತರ. ಇಪ್ಪತ್ತೆರಡಕ್ಕೆ ಎರಡು ಹೆತ್ತವಳು ಈ ನಡುವೆ ಯಾರ ಲೆಕ್ಕಕ್ಕೂ ಬಾರಳು. ಸೂರಃ ಅಲ್ ಬಕರದ 233ನೆಯ ವಚನ ಎರಡು ವರ್ಷ ಹಾಲೂಡಿಸುವ ಮಾತಿನ ಜೊತೆಯಲ್ಲೇ ಅವಳ ಅನ್ನ, ಬಟ್ಟೆಯ ಹೊಣೆಯನ್ನು ತಂದೆಯ ಮೇಲಿಡುತ್ತದೆ. ಮಗುವಿನ ಕಾರಣಕ್ಕೆ ತಾಯಿಗೆ ಹಾನಿಯಾಗಕೂಡದೆನ್ನುತ್ತದೆ. ಮೊದಲನೆಯದನ್ನು ನಾವು ಬಾಯಿಪಾಠ ಮಾಡಿದ್ದೇವೆ, ಎರಡನೆಯದನ್ನು ಓದಿ ಮುಂದೆ ಹೋಗಿದ್ದೇವೆ.

ಚಿಲ್ಲಾ ಮುಗಿದು ಬಾಣಂತಿ ಹೊರಬರುವ ಹೊತ್ತಿಗೇ ಕೂಸಿನ ಒಂದೂವರೆ ತಿಂಗಳ ಲಸಿಕೆ. ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡವರಿಗೆ ಮತ್ತೆ ರಕ್ತ ಪರೀಕ್ಷೆ ಮಾಡಬೇಕೆಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಆರನೆಯ ವಾರದಲ್ಲೇ. ಆಮೇಲೆ ಎರಡೂವರೆ ತಿಂಗಳು, ಮೂರೂವರೆ, ಒಂಬತ್ತು, ಒಂದೂವರೆ ವರ್ಷ. ಹೀಗೆ ಐದು ಸಲ ತಾಯಿ ತಾನಾಗಿಯೇ ಆಸ್ಪತ್ರೆಗೆ ಬರುತ್ತಾಳೆ. ಇಂಗ್ಲೆಂಡಿನಲ್ಲಿ ಇಂಥ ಲಸಿಕೆಯ ಭೇಟಿಗಳಲ್ಲೇ ತಾಯಂದಿರ ತೂಕ ನೋಡುವ ಪ್ರಯೋಗ ನಡೆದಿದೆ. ನಮ್ಮಲ್ಲಿ ಒಂದು ಟೇಪು ಸಾಕು: ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮುಟ್ಟಿದರೆ ಎಚ್ಚರ ವಹಿಸಬೇಕು. ನೂರು ದಾಖಲೆ ತುಂಬುವ ನರ್ಸಮ್ಮನಿಗೆ ಇದು ಇನ್ನೊಂದು ಹೊರೆ, ನಿಜ. ಎಲ್ಲರೆದುರು ಅಂಕಿ ಕೂಗಿದರೆ ತಾಯಿ ಮುಂದಿನ ಲಸಿಕೆಗೂ ಬಾರದಿರಬಹುದು, ಅದೂ ನಿಜ. ಪರದೆಯ ಹಿಂದೆ ಕರೆದು, “ಯವ್ವಾ, ನಿನಗೆ ಹೆಂಗೈತಿ? ನಿದ್ದಿ ಹತ್ತತೈತಾ?” ಎಂದು ಮೊದಲು ಕೇಳಿದರೆ ಟೇಪಿನ ಮಾತು ಆಮೇಲೆ ತಾನಾಗಿ ಬರುತ್ತದೆ. ಮನೆಗೆ ಬರುವ ಆಶಾ ಅದನ್ನು ಮುಂದುವರಿಸಬಹುದು.

ಹೊರಗೆ ಬೇವಿನ ಮರದ ಕೆಳಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿರುವ ಗಂಡನನ್ನೂ ಆಗ ಒಳಗೆ ಕರೆಯಬೇಕು. ಅವನ ಸೊಂಟವನ್ನೂ ಅಳೆಯಬೇಕು. ಅವಳು ಸಂಜೆ ಅರ್ಧ ತಾಸು ನಡೆದು ಬರುವಷ್ಟು ಹೊತ್ತು ಕೂಸನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಅವನನ್ನೇ ಕೇಳಬೇಕು.